ಗೋಡೆಯಾಚೆಯ ಕಪ್ಪು ಹಾಸು

ಮದುವೆಯಾಗಿ ಆ ಊರಿಗೆ ಬಂದ ಮೊದಲ ಬೆಳಿಗ್ಗೆ ಅಡುಗೆಮನೆಯ ಕಿಟಕಿ ತೆರೆದವಳೇ ಸೆರಗನ್ನು ಮೂಗಿಗೆ ಒತ್ತಿಕೊಂಡೆ. ಆಮೇಲೆ ಆ ಸೆರಗು ಅಲ್ಲಿಂದ ಇಳಿಯಲೇ ಇಲ್ಲ. ರೊಟ್ಟಿ ಬಡಿಯುವಾಗ ಎರಡೂ ಕೈ ಬೇಕಾಗುತ್ತಿದ್ದವು. ಆಗ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತಿದ್ದೆ. ಮದುವೆಗೆ ಕೊಟ್ಟ ಸೀರೆಗಳೆಲ್ಲ ಹಬ್ಬ ಕಾಣುವ ಮೊದಲೇ ತುದಿಯಲ್ಲಿ ಹಿಂಜಿಹೋದದ್ದು ಹಾಗೆ.

ಹೇಸಿಕೊಳ್ಳುವುದು ನನ್ನ ಹುಟ್ಟುಗುಣ. ತವರಿನಲ್ಲಿ ಸ್ವಂತ ಅಪ್ಪ ಕುಡಿದಿಟ್ಟ ಲೋಟವನ್ನೂ ತೊಳೆಯದೆ ಮುಟ್ಟುತ್ತಿರಲಿಲ್ಲ. ಪಂಕ್ತಿಯಲ್ಲಿ ಪಕ್ಕದವರು ಸೊರ್ರೆಂದು ಸಾರು ಎಳೆದರೆ ನನ್ನ ಊಟ ಅಲ್ಲಿಗೆ ಮುಗಿಯುತ್ತಿತ್ತು. ಇಂಥವಳನ್ನು ದೇವರು ಹುಡುಕಿ ತಂದು, ಎಮ್ಮೆಯ ಕೊಟ್ಟಿಗೆಗೆ ಬೆನ್ನು ಕೊಟ್ಟುಕೊಂಡ ಮನೆಗೆ ಸೊಸೆ ಮಾಡಿದ.

ನಮ್ಮ ಹಿತ್ತಲಿಗೂ ನೆರೆಮನೆಯ ದ್ಯಾಮವ್ವನ ಕೊಟ್ಟಿಗೆಗೂ ನಡುವೆ ಎದೆಮಟ್ಟದ ಒಂದು ಮಣ್ಣಿನ ಗೋಡೆ ಮಾತ್ರ ಇತ್ತು. ಅವಳ ಎರಡು ಎಮ್ಮೆಗಳು ಹಗಲೂ ರಾತ್ರಿ ತಮ್ಮದೇ ಗಂಜಲದಲ್ಲಿ ಕಾಲೂರಿ ನಿಲ್ಲುತ್ತಿದ್ದವು. ಸಗಣಿಯನ್ನು ಅವಳು ಹೊತ್ತುಹೊತ್ತಿಗೆ ಬಾಚಿ ಕುಳ್ಳು ತಟ್ಟುತ್ತಿದ್ದಳು. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಗಂಜಲ ನೆಲಕ್ಕೆ ಇಳಿದು, ಮಣ್ಣು ರಾಡಿಯಾಗಿ, ಬಿಸಿಲೇರಿದಂತೆ ಅದರಿಂದ ಏಳುವ ಘಾಟು ಮೂಗನ್ನು ದಾಟಿ ಗಂಟಲಿಗೆ ಇಳಿಯುತ್ತಿತ್ತು, ಕಣ್ಣು ಉರಿಸುತ್ತಿತ್ತು. ರೊಟ್ಟಿಯ ಮೇಲೂ ಅದೇ ಕೂತಿದೆ ಎನಿಸಿ ನಾನು ಹಿತ್ತಲಿಗೆ ಓಡಿ ಓಕರಿಸುತ್ತಿದ್ದೆ.

ಹೊಸ ಸೊಸೆ ಓಕರಿಸಿದರೆ ಯಾವ ಅತ್ತೆಯಾದರೂ ಒಂದೇ ಅರ್ಥ ಮಾಡಿಕೊಳ್ಳುತ್ತಾಳೆ. ನನ್ನ ಅತ್ತೆ ಎರಡನೆಯ ವಾರಕ್ಕೇ ಓಣಿಯ ತುಂಬ ಸುದ್ದಿ ಹಂಚಿ, ನನಗೆ ಹುಣಸೆಕಾಯಿ ತಂದು ಕೊಟ್ಟು, ಕೊಡ ಎತ್ತಬೇಡ ಎಂದರು. ಎಮ್ಮೆಯ ವಾಸನೆಗೆ ಹೀಗಾಗುತ್ತಿದೆ ಎಂದು ನಾನು ಎಷ್ಟು ಹೇಳಿದರೂ ಅವರು ನಾಚಿಕೆಗೆ ಹಾಗೆನ್ನುತ್ತಿದ್ದೇನೆಂದು ನಕ್ಕರು. ಆ ತಿಂಗಳು ನಾನು ಹೊರಗಾದಾಗ ಅವರ ಮುಖ ಸಣ್ಣದಾಯಿತು. ಆದರೆ ಹಂಚಿದ ಸುದ್ದಿಯನ್ನು ವಾಪಸು ಪಡೆಯಲು ಅವರಿಗೆ ಮನಸ್ಸಾಗಲಿಲ್ಲ.

ವಾಸನೆಯ ಬಗ್ಗೆ ದೂರು ಇದ್ದದ್ದು ನನ್ನೊಬ್ಬಳದಲ್ಲ. ನಮ್ಮಿಂದ ಮೂರನೆಯ ಮನೆ ಗುರುಶಾಂತಪ್ಪನದು. ಮುಂದೆ ಪೇಢೆಯ ಅಂಗಡಿ, ಹಿಂದೆ ಹಾಲು ಬತ್ತಿಸಿ ಖವೆ ಕಾಯಿಸುವ ಒಲೆಗಳು. ಊರಿನ ಯಾವ ಮದುವೆಯ ನಿಶ್ಚಯವೂ ಅವನ ಪೇಢೆಯಿಲ್ಲದೆ ಆಗುತ್ತಿರಲಿಲ್ಲ. ಓಣಿಯ ಹಿರಿಯರ ಮನೆಗಳಿಗೆ ಹಬ್ಬಕ್ಕೊಂದು ಡಬ್ಬಿ ತಾನಾಗಿ ಹೋಗುತ್ತಿತ್ತು. ಎಮ್ಮೆಯ ನಾತಕ್ಕೆ ಗಿರಾಕಿಗಳು ಮೂಗು ಮುರಿದು ಹೋಗುತ್ತಾರೆಂದು ಅವನು ಹಿರಿಯರ ಕಿವಿ ಕಚ್ಚಿದ. ಯುಗಾದಿಯ ಹೊತ್ತಿಗೆ ನಾತ ಹೋಗಬೇಕು, ಇಲ್ಲವೆ ಎಮ್ಮೆಗಳು ಹೋಗಬೇಕು ಎಂದು ಹಿರಿಯರು ದ್ಯಾಮವ್ವನಿಗೆ ಹೇಳಿ ಕಳಿಸಿದರು. ಸುದ್ದಿ ಕೇಳಿ ನಾನು ಒಳಗೊಳಗೇ ಹಿಗ್ಗಿದೆ.

ಅದೇ ಸಂಜೆ ಅವಳು ಗೋಡೆಗೆ ಮೊಣಕೈ ಊರಿ ಅತ್ತೆಯ ಮುಂದೆ ಗೋಳು ಹೇಳಿಕೊಂಡಳು. ಗಂಡ ಸತ್ತ ಮೇಲೆ ಅವಳನ್ನು ಸಾಕಿದ್ದು ಆ ಎರಡು ಎಮ್ಮೆ. ಅವು ಹೋದರೆ ಬೇರೆ ಊರಿನಲ್ಲಿದ್ದ ತಮ್ಮನ ಮನೆಯೇ ಗತಿ. ಅಲ್ಲಿ ತಮ್ಮನ ಹೆಂಡತಿಯ ಕಣ್ಣಸನ್ನೆ ನೋಡಿಕೊಂಡು ಊಟಕ್ಕೆ ಕೂರಬೇಕು.

"ಈ ಬಾಗಲಾ ಸಣ್ಣದ ಇರಲಿ, ನಂದು ಐತಿ ನೋಡ್ರಿ," ಎಂದಳು. "ಅಲ್ಲಿ ಕರದ್ರ ಒಳಗ ಹೋಗಬೇಕು."

ಸೆರಗು ಕಚ್ಚಿಕೊಂಡು ರೊಟ್ಟಿ ಬಡಿಯುತ್ತಿದ್ದ ನನಗೆ ಅವಳ ಮೇಲೆ ಕನಿಕರ ಬಂತು ಎಂದರೆ ಸುಳ್ಳಾದೀತು. ಹೋದರೆ ಸಾಕು ಎಂದೇ ಅಂದುಕೊಂಡೆ.

ಮುಂದಿನದು ನಡೆದದ್ದು ಬರೀ ನನ್ನ ಸಿಟ್ಟಿನಿಂದ. ತವರಿನಲ್ಲಿ ಟ್ರಂಕಿನೊಳಗೆ ಮುಗ್ಗಲು ವಾಸನೆ ಬಂದರೆ ಅಮ್ಮ ಎರಡು ತುಂಡು ಇದ್ದಿಲು ಇಡುತ್ತಿದ್ದಳು. ಅದು ನೆನಪಾಗಿ ಕಿಟಕಿಯ ಕಟ್ಟೆಯ ಮೇಲೆ ಇದ್ದಿಲು ಜೋಡಿಸಿದೆ. ಪ್ರಯೋಜನವಾಗಲಿಲ್ಲ. ಒಂದು ಮಧ್ಯಾಹ್ನ ಘಾಟು ತಡೆಯಲಾರದೆ, ಒಲೆಯ ಮೂಲೆಯಲ್ಲಿದ್ದ ಇದ್ದಿಲ ಬುಟ್ಟಿಯನ್ನೇ ಎತ್ತಿ ಗೋಡೆಯಾಚೆ ಸುರಿದುಬಿಟ್ಟೆ. ಆ ಬುಟ್ಟಿಗೆ ಕಸವನ್ನೂ ಗುಡಿಸಿ ಹಾಕುವುದು ಅತ್ತೆಯ ರೂಢಿ. ಹಾಗಾಗಿ ಇದ್ದಿಲಿನ ಜೊತೆಗೆ ಒಂದು ಒಣಮೆಣಸಿನಕಾಯಿ, ಒಣಗಿದ ನಿಂಬೆಯ ಹೋಳು, ಬಾಚಿ ತೆಗೆದ ಕೂದಲ ಉಂಡೆ ಎಲ್ಲವೂ ಎಮ್ಮೆಯ ಕಾಲಬುಡಕ್ಕೆ ಬಿದ್ದವು.

ಅದನ್ನು ನೋಡಿದ ದ್ಯಾಮವ್ವ ಎದೆ ಎದೆ ಬಡಿದುಕೊಂಡಳು. ನಾನು ಎಮ್ಮೆಗೆ ಮಾಟ ಮಾಡಿಸಿದ್ದೇನೆಂದು ಓಣಿಗೆಲ್ಲ ಕೇಳುವಂತೆ ಕೂಗಾಡಿದಳು. ಸಂಜೆ ದೊಡ್ಡ ಎಮ್ಮೆ ಒದ್ದು ಹಾಲು ಚೆಲ್ಲಿದ್ದೂ ನನ್ನ ತಲೆಗೇ ಬಂತು. ಅತ್ತೆ ನನ್ನ ಪರವಾಗಿ ಅವಳೊಂದಿಗೆ ಜಗಳವಾಡಿ, ಒಳಗೆ ಬಂದು ನನಗೂ ಮಂಗಳಾರತಿ ಎತ್ತಿದರು.

ಕೆಲವು ದಿನಗಳ ಮೇಲೆ ಗೋಡೆಯ ಮೇಲೆ ದ್ಯಾಮವ್ವನ ತಲೆ ಕಾಣಿಸಿತು. ಮಾಟಕ್ಕೆ ಹೆದರಿ ಅವಳು ಆ ಇದ್ದಿಲನ್ನು ಮುಟ್ಟದೆ, ಕಾಲಿನಿಂದ ಹುಲ್ಲು ತಳ್ಳಿ ಮುಚ್ಚಿದ್ದಳಂತೆ. ಎಮ್ಮೆಗಳು ಅದನ್ನು ತುಳಿದು ಪುಡಿ ಮಾಡಿದ್ದವು.

"ಏನವಾ," ಎಂದಳು ಬಿಗಿದ ಮುಖದಲ್ಲೇ. "ಆ ಇದ್ದಲಿ ಇನ್ನೂ ಐತೇನು?"

"ಯಾಕ, ಮತ್ತ ಮಾಟಾ ಮಾಡಬೇಕಾ?"

"ಆ ಮೂಲ್ಯಾಗಷ್ಟ ವಾಸ್ನಿ ಇಲ್ಲ. ನೊಣಾನೂ ಇಲ್ಲ. ಎಮ್ಮಿ ಹೋಗಿ ಅಲ್ಲೇ ಮಲಗತೈತಿ."

ನಾನು ಮೊದಲ ಬಾರಿಗೆ ಆ ಗೋಡೆ ದಾಟಿದೆ. ಸೆರಗು ಮೂಗಿನ ಮೇಲಿತ್ತು, ಸೀರೆ ಮೊಣಕಾಲಿನವರೆಗೆ ಎತ್ತಿಕೊಂಡಿದ್ದೆ. ಆ ಮೂಲೆಯ ಕಪ್ಪು ಹುಲ್ಲಿನ ಹತ್ತಿರ ಬಗ್ಗಿ, ಸೆರಗನ್ನು ಒಂದಿಷ್ಟು ಸರಿಸಿ ಮೂಸಿದೆ. ಒದ್ದೆ ಹುಲ್ಲಿನ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಗಂಜಲವನ್ನು ಇದ್ದಿಲೂ ಹುಲ್ಲೂ ಕುಡಿದುಬಿಟ್ಟಿದ್ದವು.

ಮನೆಯ ಒಲೆಯ ಇದ್ದಿಲು ಎಷ್ಟು ಕಾಲ ಸಾಕಾದೀತು? ಸುಗ್ಗಿ ಮುಗಿದಿತ್ತು, ಹೊಲಗಳಲ್ಲಿ ತೊಗರಿ ಕಟ್ಟಿಗೆ ಬಿದ್ದಿತ್ತು, ಮಳೆಗೆ ಸಿಕ್ಕಿ ಕಪ್ಪಾಗಿ ದನ ಮೂಸದ ಭತ್ತದ ಹುಲ್ಲಿನ ಬಣವೆಗಳೂ ಇದ್ದವು. ದ್ಯಾಮವ್ವ ಹೊತ್ತು ತಂದಳು. ಕೊಟ್ಟಿಗೆಯ ಹಿಂದೆ ಗುಂಡಿ ತೋಡಿ ಕಟ್ಟಿಗೆ ಸುಟ್ಟೆವು. ಮೊದಲ ಸಲ ಉರಿಯುವುದನ್ನು ನೋಡುತ್ತ, ಅವಳ ತಮ್ಮನ ಹೆಂಡತಿಯ ಕತೆ ಕೇಳುತ್ತ ಕೂತಿರುವಷ್ಟರಲ್ಲಿ ಎಲ್ಲವೂ ಬಿಳೀ ಬೂದಿಯಾಯಿತು. ಆಮೇಲೆ ಕಲಿತೆವು: ಕೆಂಡದ ಮೇಲೆ ಬೂದಿ ಕಾಣುವ ಮೊದಲೇ ಹೊಸ ಕಟ್ಟಿಗೆ ಹಾಕಬೇಕು, ಗುಂಡಿ ತುಂಬಿದೊಡನೆ ನೀರು ಸುರಿದು ಆರಿಸಿಬಿಡಬೇಕು. ಒದ್ದೆ ಇದ್ದಿಲನ್ನೇ ಒನಕೆಯಿಂದ ಕುಟ್ಟಬೇಕು, ಇಲ್ಲದಿದ್ದರೆ ಪುಡಿ ಹಾರಿ ಮುಖವೆಲ್ಲ ಮಸಿಯಾಗುತ್ತದೆ. ಕತ್ತರಿಸಿದ ಹುಲ್ಲು ಒಂದು ಪದರ, ಇದ್ದಿಲ ಪುಡಿ ಒಂದು ಪದರ, ಮೇಲೆ ಮತ್ತೆ ಹುಲ್ಲು. ಅದಕ್ಕೆ ನಾವು ಹಾಸು ಎನ್ನುತ್ತಿದ್ದೆವು. ಎಮ್ಮೆಗಳು ಅದರ ಮೇಲೆ ಮಲಗಿ ಮೆಲುಕು ಹಾಕುತ್ತಿದ್ದವು. ಕೆಚ್ಚಲಿಗೆ ಹತ್ತಿದ ಮಸಿಯನ್ನು ತೊಳೆಯದೆ ದ್ಯಾಮವ್ವ ಹಾಲು ಹಿಂಡುತ್ತಿರಲಿಲ್ಲ.

ಇದನ್ನೆಲ್ಲ ನಾನು ಪುಣ್ಯ ಬರಲೆಂದು ಮಾಡಲಿಲ್ಲ. ನನ್ನ ಮೂಗಿಗಾಗಿ ಮಾಡಿದೆ, ಬೈದುಕೊಳ್ಳುತ್ತ ಮಾಡಿದೆ, ಕೆಲಸ ಮುಗಿದ ಮೇಲೆ ಕೈಯನ್ನು ಸೀಗೆಪುಡಿಯಿಂದ ಚರ್ಮ ಕೆಂಪಾಗುವಷ್ಟು ಉಜ್ಜಿದೆ. ದ್ಯಾಮವ್ವ ನನ್ನ ಪಾಡು ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಯಾವಾಗಲೋ ನಾನು ಅವಳನ್ನು ದ್ಯಾಮಕ್ಕ ಎಂದು ಕರೆಯತೊಡಗಿದ್ದೆ. ಹಳೆಯ ಹಾಸನ್ನು ಬಾಚಿ ಗೋಡೆಯ ಪಕ್ಕ ಒಟ್ಟುತ್ತಿದ್ದೆವು. ಅದರಲ್ಲೂ ನಾತವಿರಲಿಲ್ಲ.

ಕೊಟ್ಟಿಗೆಯ ಘಾಟು ಅಡಗಿದ ಮೇಲೆ ಬೇರೊಂದು ನಾತ ಬಯಲಾಯಿತು. ಗಾಳಿ ಅತ್ತಲಿಂದ ಬೀಸಿದಾಗ ಹುಳಿತು ಕೊಳೆತ ಹಾಲಿನ ದುರ್ವಾಸನೆ ಅಲೆ ಅಲೆಯಾಗಿ ಬರುತ್ತಿತ್ತು. ಇಷ್ಟು ದಿನ ಎಮ್ಮೆಗಳ ಹೆಸರಿನಲ್ಲಿ ಅದೂ ಸೇರಿಹೋಗಿತ್ತು. ನಾನೂ ದ್ಯಾಮಕ್ಕನೂ ಅದರ ಜಾಡು ಹಿಡಿದು ಹಿತ್ತಲುಗಳ ಹಿಂದೆ ನಡೆದೆವು. ಗುರುಶಾಂತಪ್ಪನ ಮನೆಯ ಹಿಂದೆ ಕಲ್ಲುಚಪ್ಪಡಿ ಮುಚ್ಚಿದ ಗುಂಡಿಯೊಂದಿತ್ತು. ಕಡಾಯಿ ತೊಳೆದ ನೀರು, ಒಡೆದ ಹಾಲು, ಹಳಸಿದ ಖವೆ ಎಲ್ಲ ಅದಕ್ಕೇ ಇಳಿಯುತ್ತಿತ್ತು. ಚಪ್ಪಡಿಯ ಸಂದಿಯಲ್ಲಿ ಬಿಳೀ ಹುಳುಗಳು ಹರಿದಾಡುತ್ತಿದ್ದವು. ನಾನು ಅಲ್ಲೇ ವಾಂತಿ ಮಾಡಿಕೊಂಡೆ. ಈ ಸಂಗತಿಯನ್ನು ಯಾರಿಗೂ ಹೇಳುವುದು ಬೇಡ, ತನ್ನ ಕೊಟ್ಟಿಗೆ ಉಳಿದರೆ ಸಾಕು ಎಂದಳು ದ್ಯಾಮಕ್ಕ.

ಯುಗಾದಿಯ ಮುಂಚಿನ ವಾರ ಹಿರಿಯರು ನೋಡಲು ಬಂದರು. ಎಲ್ಲರಿಗಿಂತ ಮುಂದೆ ವಯಸ್ಸಾದ ಅಂದಾನೆಪ್ಪ, ಅವರ ಬೆನ್ನಿಗೆ ಗುರುಶಾಂತಪ್ಪ, ನನ್ನ ಮಾವ, ಇನ್ನಿಬ್ಬರು. ನನ್ನ ಗಂಡನೂ ಕೊನೆಯಲ್ಲಿದ್ದ. ಓಣಿಯ ತಿರುವಿನಲ್ಲೇ ಎಲ್ಲರ ಶಲ್ಯಗಳೂ ಮೂಗಿಗೇರಿದ್ದವು. ನಾನು ಮತ್ತು ಅತ್ತೆ ಗೋಡೆಯ ಈಚೆ ನಿಂತು ನೋಡುತ್ತಿದ್ದೆವು. ಗುರುಶಾಂತಪ್ಪ ಕೊಟ್ಟಿಗೆಯ ಹೊಸ್ತಿಲಲ್ಲೇ ನಿಂತು, ವಾಸನೆ ಹೋಗಿಲ್ಲ, ಇಲ್ಲಿಯವರೆಗೂ ಹೊಡೆಯುತ್ತಿದೆ ಎಂದ.

ಹೊಸ ಸೊಸೆ ಹಿರಿಯರ ಮುಂದೆ ಮಾತಾಡಬಾರದು ಎಂಬುದು ನನಗೆ ಗೊತ್ತಿತ್ತು. ಆದರೂ ಬಾಯಿ ತಡೆಯಲಿಲ್ಲ.

"ಶಲ್ಯಾ ತಗದು ನೋಡ್ರಿ. ಮೂಗು ಮುಚ್ಚಗೊಂಡ್ರ ವಾಸ್ನಿ ಹ್ಯಾಂಗ ತಿಳೀತೈತಿ?"

ಅಂದಾನೆಪ್ಪ ನಕ್ಕು ಶಲ್ಯ ಇಳಿಸಿದರು. ಉಸಿರೆಳೆದುಕೊಂಡರು. ಬಗ್ಗಿ ಒಂದು ಹಿಡಿ ಹಾಸು ತೆಗೆದು ಮೂಗಿನ ಬಳಿ ಹಿಡಿದರು. ಏನೂ ಇಲ್ಲವಲ್ಲ ಎಂದು ಆಶ್ಚರ್ಯಪಟ್ಟರು. ಉಳಿದವರೂ ಒಬ್ಬೊಬ್ಬರಾಗಿ ಶಲ್ಯ ಇಳಿಸಿದರು. ದ್ಯಾಮಕ್ಕ ಎಮ್ಮೆಯ ಕೊರಳು ತುರಿಸುತ್ತ ನಿಂತಿದ್ದಳು; ಅವಳ ಮುಖದಲ್ಲಿ ಅಂಥ ಬೆಳಕನ್ನು ನಾನು ಕಂಡಿರಲಿಲ್ಲ.

ಆಗ ಗಾಳಿ ತಿರುಗಿತು. ಹುಳಿ ನಾತ ಅಲೆಯಾಗಿ ಬಂದು ಎಲ್ಲರ ಮುಖಕ್ಕೆ ಬಡಿಯಿತು. ಎಲ್ಲರ ಕಣ್ಣುಗಳೂ ಒಂದು ಕ್ಷಣ ಗುರುಶಾಂತಪ್ಪನ ಹಿತ್ತಲಿನತ್ತ ಹೋಗಿ ಹಿಂದೆ ಬಂದವು. ಅದು ಏನು, ಎಲ್ಲಿಂದ ಬಂತು ಎಂದು ಅಲ್ಲಿದ್ದ ಪ್ರತಿಯೊಬ್ಬನಿಗೂ ಗೊತ್ತಾಯಿತು. ಗುರುಶಾಂತಪ್ಪ ನೆಲ ನೋಡಿದ. ಅಂದಾನೆಪ್ಪ ಕೈಯಲ್ಲಿದ್ದ ಹಾಸನ್ನು ಕೆಳಗೆ ಬಿಟ್ಟು, ನಿಧಾನವಾಗಿ ಶಲ್ಯವನ್ನು ಮತ್ತೆ ಮೂಗಿಗೇರಿಸಿದರು.

"ಹೌದಪಾ," ಎಂದರು. "ಎಮ್ಮಿ ವಾಸ್ನಿ ಇನ್ನೂ ಐತಿ."

ಉಳಿದವರು ಐತಿ ಐತಿ ಎಂದರು. ನನ್ನ ಮಾವನೂ ಎಂದರು. ಗಂಡನ ಕಡೆ ನೋಡಿದೆ. ಅವನು ಚಪ್ಪಲಿಗೆ ಹತ್ತಿದ ಮಣ್ಣನ್ನು ಕಲ್ಲಿಗೆ ಉಜ್ಜುತ್ತಿದ್ದ.

"ಮಾವಾರ, ಇದು ಎಮ್ಮಿ ವಾಸ್ನಿ ಅಲ್ರಿ," ಎಂದೆ. "ಕೊಳತ ಹಾಲಿಂದು. ಗುರುಶಾಂತಪ್ಪನವರ ಹಿತ್ತಲದಾಗ ಗುಂಡಿ ಐತಿ. ಹೋಗಿ ನೋಡ್ರಿ."

ಯಾರೂ ಅಲುಗಲಿಲ್ಲ. ಆಗ ಪಕ್ಕದಿಂದ ಅತ್ತೆ ನನ್ನ ತೋಳು ಹಿಡಿದು, ನಗುಮುಖದಿಂದಲೇ ಹಿರಿಯರಿಗೆ ಹೇಳಿದರು.

"ಬಸರಿ ಹೆಣ್ಣಮಗಳ್ರೀ. ಆಕಿ ಮೂಗು ಈಗ ಖರೇ ಹೇಳೂದಿಲ್ಲ."

ಹಿರಿಯರೆಲ್ಲ ಬದುಕಿದೆವು ಎನ್ನುವಂತೆ ನಕ್ಕರು. ಬಸುರಿಯ ಬಯಕೆ, ಬಸುರಿಯ ಸಂಕಟ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ನಾನು ಬಸುರಿಯಲ್ಲ ಎಂಬುದು ಅತ್ತೆಗೆ ಚೆನ್ನಾಗಿ ಗೊತ್ತಿತ್ತು. ಹೊರಗೆ ಕೂತ ದಿನಗಳಲ್ಲಿ ಊಟ ನೀಡಿದ್ದು ಅವರೇ. ಅದನ್ನು ಅಷ್ಟು ಗಂಡಸರ ಎದುರಿಗೆ ನಾನು ಬಾಯಿಬಿಟ್ಟು ಹೇಳಲಾರೆ ಎಂಬುದೂ ಅವರಿಗೆ ಗೊತ್ತಿತ್ತು. ಇಲ್ಲದ ಒಂದು ಮಗುವನ್ನು ನನ್ನ ಬಾಯಿಗೆ ತುರುಕಿ ಅವರು ನನ್ನನ್ನು ಸುಮ್ಮನಾಗಿಸಿದರು. ಗಂಜಲ, ಹುಳು, ಹಳಸಿದ ಖವೆ ಯಾವುದಕ್ಕೂ ನನಗೆ ಅಷ್ಟು ಅಸಹ್ಯವಾಗಿರಲಿಲ್ಲ.

ಹಿರಿಯರು ಹೋದ ಮೇಲೆ ದ್ಯಾಮಕ್ಕ ಗೋಡೆಯ ಹತ್ತಿರ ಬಂದಳು. ಅಳಲಿಲ್ಲ.

"ಬಿಡ ತಂಗಿ," ಎಂದಳು. "ಕೊಟಗ್ಯಾಗಿನ ವಾಸ್ನಿ ಕಳದ್ವಿ. ಇದಕ್ಕ ಯಾವ ಇದ್ದಲಿ ಹಾಕೂದು?"

ಯುಗಾದಿಯ ಹಿಂದಿನ ದಿನ ಅವಳು ಎರಡು ಎಮ್ಮೆಗಳ ಹಗ್ಗ ಹಿಡಿದು ತಮ್ಮನ ಊರಿಗೆ ಹೊರಟಳು. ಎಮ್ಮೆಗಳನ್ನು ತಮ್ಮನ ಕೊಟ್ಟಿಗೆಯಲ್ಲಿ ಕಟ್ಟಬೇಕು, ಹಾಲು ತಮ್ಮನ ಹೆಂಡತಿಯ ಪಾತ್ರೆಗೆ ಹೋಗುತ್ತದೆ ಎಂದಳು. ಒಟ್ಟಿದ್ದ ಹಳೆಯ ಹಾಸನ್ನೆಲ್ಲ ನನಗೆ ಬಿಟ್ಟಿದ್ದಳು, ಬದನೆ ಗಿಡದ ಬುಡಕ್ಕೆ ಹೊದಿಸು ಎಂದಳು. ಓಣಿಯವರು ಬಾಗಿಲಲ್ಲಿ ನಿಂತು, ಮೂಗು ಮುಚ್ಚಿಕೊಂಡು ಅವಳನ್ನು ಕಳಿಸಿಕೊಟ್ಟರು. ಅವಳು ಮತ್ತೆ ಆ ಊರಿಗೆ ಬರಲಿಲ್ಲ.

ನಾತ ಮಾತ್ರ ಹೋಗಲಿಲ್ಲ. ಬೇಸಿಗೆ ಏರಿದಂತೆ ಹೆಚ್ಚಾಯಿತು. ಎಮ್ಮೆ ಕಟ್ಟಿದ ನೆಲ, ವಾಸನೆ ಮಣ್ಣಿಗೇ ಇಳಿದಿದೆ, ಹೋಗಲು ವರ್ಷ ಬೇಕು ಎಂದು ಅಂದಾನೆಪ್ಪ ತೀರ್ಪು ಕೊಟ್ಟರು. ಜನ ಖಾಲಿ ಕೊಟ್ಟಿಗೆಯ ಮುಂದೆ ಮೂಗು ಮುಚ್ಚಿಕೊಂಡು ಓಡಾಡಿ, ಪೇಢೆಯ ಅಂಗಡಿಯ ಮುಂದೆ ಕೈ ತೆಗೆಯುತ್ತಿದ್ದರು.

ಒಂದು ಸಂಜೆ ಗುರುಶಾಂತಪ್ಪನ ಹೆಂಡತಿ ನಮ್ಮ ಹಿತ್ತಲ ಬಾಗಿಲಿಗೆ ಬಂದಳು. ಒಂದು ಕೈಯಲ್ಲಿ ಪೇಢೆಯ ಡಬ್ಬಿ, ಇನ್ನೊಂದರಲ್ಲಿ ಖಾಲಿ ಬುಟ್ಟಿ. ಮನೆಯೊಳಗೆ ಕೂರಲಾಗುತ್ತಿಲ್ಲ, ಗುಂಡಿಗೆ ಸುರಿಯಲು ಆ ಕಪ್ಪು ಹಾಸು ಒಂದಿಷ್ಟು ಬೇಕು, ಯಾರಿಗೂ ತಿಳಿಯುವುದು ಬೇಡ ಎಂದು ಪಿಸುಗುಟ್ಟಿದಳು. ಕೊಡು ಎಂದು ಅತ್ತೆ ಕಣ್ಣಲ್ಲೇ ಹೇಳಿದರು.

"ದ್ಯಾಮಕ್ಕನ್ನ ಕರಸ್ರಿ," ಎಂದೆ. "ಆಕಿ ಬಂದು ಮಾಡಿಕೊಡತಾಳ."

ಅವಳು ಖಾಲಿ ಬುಟ್ಟಿ ಎತ್ತಿಕೊಂಡು ಹೋದಳು. ಡಬ್ಬಿ ಉಳಿಯಿತು. ಅತ್ತೆ, ಮಾವ, ನನ್ನ ಗಂಡ ಅದರ ಸುತ್ತ ಕೂತರು. ಅವರು ಬಾಯಿ ಆಡಿಸುವ ಸದ್ದು ಕೇಳಲಾರದೆ ನಾನು ಸೆರಗನ್ನು ಮೂಗಿಗೆ ಒತ್ತಿಕೊಂಡು ಹಿತ್ತಲಿಗೆ ಬಂದೆ. ಸುತ್ತಲಿನ ಹಿತ್ತಲುಗಳೆಲ್ಲ ಬಿಸಿಲಿಗೆ ಬಿರಿದಿದ್ದವು. ನನ್ನ ಬದನೆ ಗಿಡಗಳು ಮಾತ್ರ ಬಾಡದೆ ನಿಂತಿದ್ದವು. ಅವುಗಳ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು, ದ್ಯಾಮಕ್ಕನ ಎಮ್ಮೆಗಳು ಮಲಗೆದ್ದ ಹಾಸನ್ನು ಬರಿಗೈಯಿಂದ ಸರಿಸಿದೆ. ಕೆಳಗಿನ ಮಣ್ಣು ತಣ್ಣಗೆ, ಒದ್ದೆಯಾಗಿತ್ತು. ಸೆರಗು ಇಳಿಸಿ, ಮುಖವನ್ನು ಆ ಮಣ್ಣಿನ ಹತ್ತಿರಕ್ಕೆ ಬಗ್ಗಿಸಿ, ಆ ಓಣಿಗೆ ಬಂದ ಮೇಲೆ ಮೊದಲ ಸಲ ಎದೆ ತುಂಬ ಉಸಿರೆಳೆದುಕೊಂಡೆ.