ಅರ್ಧ ಬೆರಳು ಗಿಡ್ಡ ಹೆಗಲು

ಅಂಚೆಯಣ್ಣ ಸೈಕಲ್ಲಿನಿಂದ ಬಿದ್ದು ಎಡಗಡೆಯ ಕೊರಳೆಲುಬು, ಹೆಗಲಿಗೆ ಸೇರುವ ಕಾಲರ್ ಬೋನು, ಮುರಿದುಕೊಂಡ. ಡಾಕ್ಟರಮ್ಮ ಎರಡು ದಾರಿ ಹೇಳಿದರು.

"ಆಪರೇಷನ್ ಮಾಡಿ ಪ್ಲೇಟು ಕೂರಿಸಿದ್ರೆ ಎಲುಬು ಕೂಡೋದು ಹೆಚ್ಚು ಖಾತ್ರಿ. ಆದ್ರೆ ಸೋಂಕಿನ ಭಯ ಇದೆ, ನಿಮ್ಮ ಅಂಚೆ ಚೀಲದ ಪಟ್ಟಿ ಪ್ಲೇಟಿಗೆ ಒತ್ತಬಹುದು. ಕೈಗೆ ಬರೀ ಜೋಲಿ ಕಟ್ಟಿದ್ರೂ ತುಂಬಾ ಜನರಿಗೆ ತಾನಾಗೇ ಕೂಡುತ್ತೆ. ಕೆಲವರಿಗೆ ಕೂಡಲ್ಲ. ವರ್ಷ ಕಳೆದ್ಮೇಲೆ ಕೈ ಶಕ್ತಿ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ."

ಅವನು ಹೆಂಡತಿಯ ಮುಖ ನೋಡಿದ. ಅವಳು ದರ್ಜಿ, ಕತ್ತರಿ ಹಾಕುವ ಮುಂಚೆ ನೂರು ಸಲ ಯೋಚಿಸುವವಳು. "ಜೋಲಿನೇ ಇರ್ಲಿ" ಎಂದುಬಿಟ್ಟಳು.

"ಆರು ವಾರ ನೋಡೋಣ. ಕೂಡೋ ಲಕ್ಷಣ ಕಾಣದಿದ್ರೆ ಆಪರೇಷನ್ನೇ" ಎಂದರು ಡಾಕ್ಟರಮ್ಮ.

ಅಂದಿನಿಂದ ಆ ಮಾತು ಅವಳ ಎದೆಯ ಮೇಲೆ ಕೂತಿತು. ಮಧ್ಯಾಹ್ನ ಅವನು ಕುರ್ಚಿಯಲ್ಲೇ ತೂಕಡಿಸುತ್ತಿದ್ದ. ಕಿಟಕಿಯ ಬಿಸಿಲಿನಲ್ಲಿ ನೂಲಿನ ಧೂಳು ತೇಲುತ್ತಿತ್ತು. ಅವನ ಚರ್ಮದಡಿಯಲ್ಲಿ ಎರಡು ತುದಿಗಳು ಕತ್ತಲಲ್ಲಿ ಒಂದನ್ನೊಂದು ತಡಕಾಡುತ್ತಿರುವಂತೆ ಅವಳಿಗೆ ತೋರುತ್ತಿತ್ತು. ಎಲ್ಲಿ ಬೆಚ್ಚಿಬೀಳುತ್ತವೋ ಎಂದು ಮಿಷನ್ನು ಮೆಲ್ಲಗೆ ತುಳಿಯುತ್ತಿದ್ದಳು. ಭಾನುವಾರ ಬಂದರೆ ಟೇಪು ಹಿಡಿದು ಅಳೆಯುವಳು: ಎಡ ಹೆಗಲು ಅರ್ಧ ಬೆರಳು ಗಿಡ್ಡ. ಅವನಿಗೆ ನಗು ಬರುತ್ತಿತ್ತು, ಆದರೆ ನಕ್ಕರೆ ನೋವಾಗಿ ಹೆಗಲು ಹಿಡಿದುಕೊಳ್ಳುತ್ತಿದ್ದ.

ನಾಲ್ಕನೆಯ ಭಾನುವಾರ ಆ ಎಡ ಹೆಗಲ ಮೇಲೆ ಪಟ್ಟಿಯೊಂದು ಒತ್ತಿದ ಕೆಂಪು ಗುರುತು ಕಂಡಿತು.

"ಏನ್ರೀ ಇದು?"

"ಖಾಲಿ ಚೀಲ ಹಾಕ್ಕೊಂಡಿದ್ದೆ ಕಣೇ. ಅದಿಲ್ದೆ ನಡೆದ್ರೆ ಗಾಳಿಗೆ ಹಾರಿಹೋಗ್ತೀನೇನೋ ಅನ್ಸುತ್ತೆ."

"ಹುಟ್ಟುಗುಣ ಸುಟ್ಟರೂ ಹೋಗಲ್ಲ!" ಎಂದು ಗದರಿ ಚೀಲವನ್ನು ಬೀರುವಿನೊಳಗಿಟ್ಟು ಬೀಗ ಹಾಕಿದಳು. ಆಮೇಲೆ ಅಡುಗೆಮನೆಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆರನೆಯ ವಾರ ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಎರಡು ತುದಿಗಳ ನಡುವೆ ತೆಳ್ಳಗೆ ಬಿಳಿ ಮಂಜು.

"ಇದೇ ಹೊಸ ಎಲುಬು. ಕೂಡ್ತಾ ಇದೆ. ಸಣ್ಣ ಗಂಟು ಉಳಿಯುತ್ತೆ, ಹೆಗಲು ಚೂರು ಗಿಡ್ಡವಾಗೇ ಇರುತ್ತೆ. ಭಾರ ಮಾತ್ರ ಈಗಲೇ ಬೇಡ."

ಮನೆಗೆ ಬಂದವಳೇ ಅವನ ಖಾಕಿ ಅಂಗಿಯ ಎಡ ಹೆಗಲಿನ ಹೊಲಿಗೆ ಬಿಚ್ಚಿದಳು. ಇಷ್ಟು ದಿನ ಮುಟ್ಟಲು ಧೈರ್ಯ ಬಂದಿರಲಿಲ್ಲ. ಅರ್ಧ ಬೆರಳು ಒಳಗೆ ಮಡಿಚಿ ಹೊಲಿದು ತೊಡಿಸಿದಳು. ಬೀರುವಿನಿಂದ ಖಾಲಿ ಚೀಲ ತೆಗೆದು ಬಲ ಹೆಗಲಿಗೆ ಹಾಕಿದಳು.

ಎಡಗಡೆ ಹೊತ್ತು ಹೊತ್ತು ಬಲಕ್ಕೆ ವಾಲುವುದು ಅವನಿಗೆ ರೂಢಿ. ಹಾಗೇ ವಾಲಿದ. ಚೀಲ ಸರ್ರನೆ ಜಾರಿ ನೆಲಕ್ಕೆ ಬಿತ್ತು.

"ಇನ್ನು ನಡೆಯೋದನ್ನೂ ನಾನೇ ಕಲಿಸ್ಬೇಕಾ?"

ಅವನು ನಕ್ಕ, ಮೈತುಂಬ ನಕ್ಕ. ಹೆಗಲು ಹಿಡಿದುಕೊಳ್ಳಲಿಲ್ಲ.