ಮಡಿವಾಳ ಹಕ್ಕಿಯ ಉಳಿದರ್ಧ

ಬಾಟ್ಲಿಯನ್ನು ಮುಂಡಿನ ಮಡಿಕೆಯಲ್ಲಿ ಅಡಗಿಸಿಕೊಂಡು ಅಂಗಳ ದಾಟುತ್ತಿದ್ದ ಅಂಗಡಿಯ ಬಾವಾ, ಲೋಕಯ್ಯನ ಕಣ್ಣಿಗೆ ಬಿದ್ದೇಬಿಟ್ಟ. ಲೋಕಯ್ಯ ಸತ್ತವನ ತಮ್ಮ. ಬೆಳಗಿನಿಂದ ಚಟ್ಟಕ್ಕೆಂದು ತೆಂಗಿನ ಹಸಿ ಮಡಲು ಹೆಣೆಯುತ್ತ ಕೂತಿದ್ದವನು ಕೆಲಸ ಬಿಟ್ಟು ಎದ್ದು ಬಂದ.

“ಎಂಥದು ಬಾವಾ ಅದು? ಇಷ್ಟು ವರ್ಷ ಮುಟ್ಟದವನು ಇವತ್ತು, ಸಾವಿನ ಮನೆಯಲ್ಲಿ, ಶುರು ಮಾಡಿದ್ಯಾ?”

“ಥೂ, ಮಾರಾಯ! ಇದು ನನ್ನ ಅಂಗಡಿಯ ಶರಬತ್ತಿನ ಬಾಟ್ಲಿ. ಖಾಲಿ. ಪೂವಕ್ಕ ತರ್ಲಿಕ್ಕೆ ಹೇಳಿ ಕಳಿಸಿದ್ದಾರೆ.”

ಬಾಟ್ಲಿಯ ಹೊಟ್ಟೆಯ ಮೇಲಿದ್ದ ಬಣ್ಣದ ಗೆರೆ ನೋಡಿದ ಮೇಲೆ ಲೋಕಯ್ಯ ದಾರಿ ಬಿಟ್ಟ. ಆ ಗೆರೆಯವರೆಗೆ ನೀರು ತುಂಬಿಸಿ, ಬಾಯಿಯ ಅಂಚಿಗೆ ತುಟಿ ಇಟ್ಟು ಊದಿದರೆ ಸರಿಯಾಗಿ ಶ್ರುತಿ ಹಿಡಿಯುತ್ತದೆ. ಗೆರೆ ಎಳೆದ ಗುರುವಪ್ಪ ಶೇರಿಗಾರ ಈಗ ಜಗಲಿಯಲ್ಲಿ, ತಲೆಯ ಬಳಿ ದೀಪ ಇಟ್ಟುಕೊಂಡು ಮಲಗಿದ್ದ. ಗುರುವಾಯನಕೆರೆಯ ಸುತ್ತಲಿನ ದೇವಸ್ಥಾನಗಳಿಗೆಲ್ಲ ನಾಗಸ್ವರ ಊದಿದವನು ದಮ್ಮು ಹೆಚ್ಚಾಗಿ ನಿನ್ನೆ ಸಂಜೆ ಹೋಗಿಬಿಟ್ಟ. ಕಂಡವರ ಮದುವೆಗೆಲ್ಲ ಉಸಿರು ಖರ್ಚು ಮಾಡಿದವನಿಗೆ ತನಗೆಂದು ಒಂದಿಷ್ಟು ಉಳಿಯಲಿಲ್ಲವಲ್ಲ ಎಂದು ಅಂಗಳದಲ್ಲಿದ್ದವರು ಮರುಗುತ್ತಿದ್ದರು.

ಹೆಂಡತಿ ಪೂವಮ್ಮ ಗಂಡನ ಪಕ್ಕದಲ್ಲೇ ಕೂತಿದ್ದಳು. ಅತ್ತು ಅತ್ತು ಮುಖ ಬಾತಿತ್ತು, ಆದರೆ ಸ್ವರ ಗಟ್ಟಿಯಾಗಿಯೇ ಇತ್ತು.

“ಲೋಕಯ್ಯ, ಅವರನ್ನು ಎತ್ತುವ ಮೊದಲು ನೀವೆಲ್ಲ ಸೇರಿ ಒಮ್ಮೆ ಅವರು ಕಟ್ಟಿದ ಮಡಿವಾಳ ಹಕ್ಕಿ ಊದಬೇಕು. ಪೂರ್ತಿ.”

ಲೋಕಯ್ಯ ತಲೆ ತುರಿಸಿಕೊಂಡ. “ಯಾರಿಗೆ ಮನಸ್ಸಿಲ್ಲ ಅತ್ತಿಗೆ? ಆದ್ರೆ ನಮಗೆ ಸೂತಕ. ನಾನು ಊದುವ ಮೌರಿ, ಈ ತುಕ್ರಪ್ಪನ ಕೊಳಲು ಎಲ್ಲ ಅಣ್ಣನ ನಾಗಸ್ವರದ ಜೊತೆ ಒಂದೇ ಪೆಟ್ಟಿಗೆಯಲ್ಲಿ ಉಂಟು. ಪೂಜೆ ಆಗುವಂಥದ್ದು. ಮಂಗಳವಾದ್ಯವನ್ನು ಹೆಣದ ಮುಂದೆ ಊದಿದ್ರು ಅಂತ ಸುದ್ದಿಯಾದ್ರೆ ಮತ್ತೆ ಮದುವೆಗೆ ನಮ್ಮನ್ನು ಕರೆಯುವವರು ಯಾರು?”

“ಸಣ್ಣ ಮಾವ ಹೇಳುದು ಸರಿ ಅತ್ತೆ,” ಎಂದ ತುಕ್ರಪ್ಪ. ಅವನು ಗುರುವಪ್ಪನ ತಂಗಿಯ ಮಗ; ಚಿತೆಗೆ ಬೆಂಕಿ ಇಡಬೇಕಾದವನು. ಮಿಂದು ಒದ್ದೆ ಪಂಚೆಯಲ್ಲೇ ನಿಂತಿದ್ದ. ಹಾಗೆ ಹೇಳಿದವನು ಅತ್ತೆಯ ಮುಖ ನೋಡಲಾರದೆ ಅಂಗಳದ ಕಡೆ ತಿರುಗಿದ.

ಪೂವಮ್ಮ ಬಾವಾನ ಕೈಯಿಂದ ಬಾಟ್ಲಿ ತೆಗೆದುಕೊಂಡು, ಕೊಡಪಾನ ಬಗ್ಗಿಸಿ ಗೆರೆಯವರೆಗೆ ನೀರು ತುಂಬಿಸಿದಳು.

* * *

ಇನ್ನು ನಾಗಸ್ವರ ಮುಟ್ಟಬೇಡ ಎಂದು ಬೆಳ್ತಂಗಡಿಯ ಡಾಕ್ಟರು ಗುರುವಪ್ಪನಿಗೆ ಹೇಳಿದ ವರ್ಷದ ಬೇಸಗೆ. ಮುಂಜಾನೆ ಪೂವಮ್ಮ ಸೌದೆಯ ಹೊರೆಯನ್ನು ಧೊಪ್ಪೆಂದು ಹಾಕುವಷ್ಟರಲ್ಲಿ ಜಗಲಿಯಿಂದ “ಶ್!” ಎಂದು ಕೇಳಿತು.

“ಯಾಕೆ, ಹಾವಾ?”

“ಹಕ್ಕಿ.”

“ಅಯ್ಯೋ! ಹಕ್ಕಿ ನನಗೂ ಕಾಣ್ತದೆ. ಒಲೆ ಹೊತ್ತಿಸುದು ಯಾರು?”

ಹಲಸಿನ ಮರದ ತುದಿಯಲ್ಲಿ ಕಪ್ಪು ಬಿಳುಪಿನ ಮಡಿವಾಳ ಹಕ್ಕಿ ಬಾಲ ಎತ್ತಿ ಕೂತಿತ್ತು. ಎಳೆದೆಳೆದು ಹಾಡಿ ಥಟ್ಟನೆ ನಿಲ್ಲಿಸಿತು.

“ನೋಡು, ಅದು ಮುಗಿಸಿದ್ದಲ್ಲ. ಕಾಯ್ತಾ ಉಂಟು,” ಎಂದ ಗುರುವಪ್ಪ.

ಪೂವಮ್ಮನೂ ಕಾದಳು. ಸ್ವಲ್ಪ ಹೊತ್ತಿಗೆ ಕೆರೆಯ ಏರಿಯ ಕಡೆಯಿಂದ ಇನ್ನೊಂದು ಹಕ್ಕಿ ಉತ್ತರ ಕೊಟ್ಟಿತು. ಗಂಡನ ಮುಖ ಅರಳಿದ್ದನ್ನು ನೋಡಿ, ಒಲೆ ತಡವಾದರೂ ಚಿಂತಿಲ್ಲ ಎಂದುಕೊಂಡಳು. ಡಾಕ್ಟರ ಮಾತು ಕೇಳಿ ಬಂದಂದಿನಿಂದ ಆ ಮುಖ ನಕ್ಕಿರಲಿಲ್ಲ.

ನಾಗಸ್ವರಕ್ಕೆ ಸಾಲದ ಉಸಿರು ತೆಂಗಿನ ಗರಿಯ ಪೀಪಿಗೆ ಸಾಕಾಗುತ್ತಿತ್ತು. ಮಕ್ಕಳು ಊದಿಕೊಂಡು ತಿರುಗುವಂಥದ್ದೇ. ಗರಿಯನ್ನು ಸುತ್ತಿ, ಕಡ್ಡಿ ಚುಚ್ಚಿ ನಿಲ್ಲಿಸುವುದರಲ್ಲಿ ಪೂವಮ್ಮನ ಕೈ ಚುರುಕು. ಅವಳು ಮಾಡಿಕೊಡುವುದು, ಇವನು ಊದುವುದು. “ಇನ್ನು ಸ್ವಲ್ಪ ಉದ್ದ ಸುತ್ತು, ಇದು ಮೇಲಿನ ಸ್ವರ ಆಯ್ತು.” ಬೇಸಗೆಯಿಡೀ ಇದೇ ಕತೆ. “ಮನೆಯಲ್ಲಿ ಹಿಡಿಸೂಡಿಗೆ ಒಂದು ಕಡ್ಡಿ ಉಳಿಸಿಲ್ಲ ನೀವು,” ಎಂದು ಬೈಯುತ್ತಲೇ ಅವಳು ಇನ್ನೊಂದನ್ನು ಸುತ್ತುತ್ತಿದ್ದಳು. ಹಾಗೆ ಪೀಪಿಯಲ್ಲಿ ಹುಟ್ಟಿದ್ದನ್ನು ಗುರುವಪ್ಪ ಲೋಕಯ್ಯನ ಮೌರಿಗೂ ತುಕ್ರಪ್ಪನ ಕೊಳಲಿಗೂ ಹಂಚಿದ. ಶ್ರುತಿಗೆ ಬಾವಾ ಬಾಟ್ಲಿ ಹಿಡಿದು ಬಂದ.

“ಡೋಲಿಲ್ಲದೆ ಇದೆಂಥ ವಾದ್ಯ ಅಣ್ಣ?” ಎಂದು ಲೋಕಯ್ಯ ಗೊಣಗಿದ.

“ದೇವಸ್ಥಾನದ್ದು ಊರಿಗೆಲ್ಲ ಕೇಳಬೇಕು. ಇದು ಜಗಲಿಯ ವಾದ್ಯ. ಜಗಲಿಯಲ್ಲಿ ಕೂತವರಿಗೆ ಕೇಳಿದ್ರೆ ಸಾಕು.”

ಮೊದಲರ್ಧ ಹಲಸಿನ ಮರದ ಹಕ್ಕಿ. ಆಮೇಲೆ ಎಲ್ಲರೂ ಗಪ್‌ಚಿಪ್. ನಡುವೆ ಬರಿಗೈಯಲ್ಲಿ ಕೂತ ಗುರುವಪ್ಪ ತಲೆ ಆಡಿಸಿ ಸನ್ನೆ ಮಾಡುವವರೆಗೆ ಯಾರೂ ಊದುವಂತಿಲ್ಲ. ಉಳಿದರ್ಧ ಏರಿಯ ಕಡೆಯ ಹಕ್ಕಿಯ ಉತ್ತರ.

“ಎಷ್ಟು ಹೊತ್ತು ಸುಮ್ಮನಿರಬೇಕು ಮಾವ?” ಎಂದು ತುಕ್ರಪ್ಪ ಕೇಳಿದ್ದ.

“ಆಚೆಯ ಹಕ್ಕಿಗೆ ಮನಸ್ಸು ಬರುವಷ್ಟು ಹೊತ್ತು.”

* * *

ಹೆಣ ಮೀಯಿಸಿ ಆಗುವಷ್ಟರಲ್ಲಿ ಪದ್ಮಯ್ಯ ಮಾಷ್ಟ್ರು ಬೆಳ್ತಂಗಡಿಯಿಂದ ಬಸ್ಸಿನಲ್ಲಿ ಬಂದಿಳಿದರು. ಅಲ್ಲಿಯ ಶಾಲೆಯ ಹೆಡ್‌ಮಾಷ್ಟ್ರು, ಸತ್ತವನನ್ನು ವೇದಿಕೆಗೆ ಹತ್ತಿಸಿದ ಒಬ್ಬನೇ ಮನುಷ್ಯ. ತುಳಸಿ ನೀರು ಬಿಟ್ಟು, ಕಣ್ಣೊರೆಸಿಕೊಂಡು, ತಮ್ಮ ಪುಸ್ತಕದ ಕನ್ನಡದಲ್ಲಿ ಹೇಳಿದರು.

“ನಮ್ಮ ವಾರ್ಷಿಕೋತ್ಸವದಲ್ಲಿ ಅವರು ನುಡಿಸಿದ ಹಕ್ಕಿಯ ಸಂಗೀತವನ್ನು ನಾನು ಮರೆಯುವುದಿಲ್ಲ ಪೂವಮ್ಮ. ಎಷ್ಟು ಚಂದದ ಮುಕ್ತಾಯ!”

ಬಾವಾನಿಗೆ ತಡೆಯಲಾಗಲಿಲ್ಲ. “ಎಂಥ ಮುಕ್ತಾಯ ಮಾಷ್ಟ್ರೇ? ಅದು ಮುಗಿದಿರಲೇ ಇಲ್ಲ!”

* * *

ಆವತ್ತು ಶಾಲೆಯ ಅಂಗಳ ತುಂಬಿತ್ತು. ಮೌರಿ, ಕೊಳಲು, ಬಾಟ್ಲಿ ಮೂರೂ ಗುರುವಪ್ಪನ ಮುಖ ನೋಡುತ್ತ ಚೆನ್ನಾಗಿಯೇ ಊದಿದವು. ನಡುವೆ ನಿಂತವು. ಮಕ್ಕಳು ಕೂಡ ಸದ್ದಿಲ್ಲದೆ ಕೂತಿದ್ದರು. ಆಗಲೇ ಪದ್ಮಯ್ಯ ಮಾಷ್ಟ್ರು ಎದ್ದು ನಿಂತು ಜೋರಾಗಿ ಚಪ್ಪಾಳೆ ತಟ್ಟಿದರು. ಹೆಡ್‌ಮಾಷ್ಟ್ರು ತಟ್ಟಿದ ಮೇಲೆ ಕೇಳಬೇಕೆ? ಇಡೀ ಶಾಲೆಯೇ ತಟ್ಟಿತು. ಯಾರೋ ಸೇವಂತಿಗೆ ಹಾರ ತಂದರು. ಹಾರಕ್ಕೆ ಗುರುವಪ್ಪ ತಲೆ ಬಗ್ಗಿಸಿದ್ದನ್ನು ಸನ್ನೆಯೆಂದು ತಿಳಿದು ತುಕ್ರಪ್ಪ ಕೊಳಲೆತ್ತಿ ಒಂದು ಸ್ವರ ಊದಿಯೂಬಿಟ್ಟ. ಅಷ್ಟರಲ್ಲಿ ಪರದೆ ಬಿತ್ತು. ನವಿಲುಗರಿ ಸಿಕ್ಕಿಸಿಕೊಂಡ ಕೃಷ್ಣರು ಸಾಲಾಗಿ ಒಳಗೆ ಬಂದರು.

ಬಸ್ಸಿನಲ್ಲಿ ಬರುವಾಗ ಗುರುವಪ್ಪ ನಕ್ಕಿದ್ದೇ ನಕ್ಕಿದ್ದು. ಮನೆಗೆ ಬಂದು ಮಾತ್ರ ಊಟ ಬೇಡ ಎಂದ.

“ಹೋಗಿ ಹೇಳಿ ಅವರಿಗೆ, ಇನ್ನೂ ಉಂಟು ಅಂತ,” ಎಂದು ಪೂವಮ್ಮ ಸಿಟ್ಟಾದಳು.

“ಬೇಡ. ಪಾಪ, ಒಳ್ಳೆ ಮನುಷ್ಯ. ಬೇಜಾರು ಮಾಡ್ಕೊಳ್ತಾರೆ.” ಹಾರದ ಹೂವೊಂದನ್ನು ಕಿತ್ತು ಹೆಂಡತಿಯ ಕೈಗೆ ಕೊಟ್ಟ. “ಆದ್ರೂ ಪೂವು, ಆ ಆಚೆಯ ಹಕ್ಕಿ ಕೂಡ ನಾಲ್ಕು ಜನಕ್ಕೆ ಒಮ್ಮೆ ಕೇಳಬೇಕಿತ್ತು.”

ಮತ್ತೆ ಯಾರೂ ಕರೆಯಲಿಲ್ಲ.

* * *

ಬಾವಾ ಹೇಳಿ ಮುಗಿಸುವಷ್ಟರಲ್ಲಿ ಮಾಷ್ಟ್ರ ಮುಖ ಬಿಳಿಚಿಕೊಂಡಿತ್ತು. “ದೇವರೇ! ಅವರು ನನಗೆ ಒಂದು ಮಾತು ಹೇಳಲಿಲ್ಲವಲ್ಲ. ಎಷ್ಟು ಸಲ ಸಿಕ್ಕಿದ್ದರು!”

ಪೂವಮ್ಮ ಅಂಗಳದ ಕಡೆ ನೋಡಿದಳು. ಗುರುವಾಯನಕೆರೆಯ ಅಂಗಡಿಯವರೆಲ್ಲ ಬಾಗಿಲು ಹಾಕಿ ಬಂದಿದ್ದರು. ಮೂಡುಬಿದಿರೆಯಿಂದಲೂ ವಾದ್ಯದವರು ಬಂದಿದ್ದರು. ಮಕ್ಕಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೆಂಗಸರು ಗೋಡೆಯುದ್ದಕ್ಕೂ ನಿಂತಿದ್ದರು.

“ಲೋಕಯ್ಯ, ಇಷ್ಟು ಜನ ಅವರಿಗಾಗಿ ಇನ್ನು ಯಾವತ್ತು ಸೇರ್ತಾರೆ ಹೇಳು. ಸಾವಿನ ಮನೆಯಲ್ಲಿ ನಡುವೆ ಚಪ್ಪಾಳೆ ತಟ್ಟುವವರೂ ಇಲ್ಲ.”

“ಅತ್ತಿಗೆ, ಪೆಟ್ಟಿಗೆ ಮಾತ್ರ ತೆಗಿಲಿಕ್ಕೆ ಹೇಳಬೇಡಿ.”

“ಪೆಟ್ಟಿಗೆ ಯಾರಿಗೆ ಬೇಕು?”

ಅವಳು ಅಂಗಳಕ್ಕಿಳಿದು ಚಟ್ಟದ ಮಡಲಿನಿಂದ ಒಂದು ಗರಿಯನ್ನು ಸರ್ರನೆ ಸೀಳಿದಳು. ನಡುವಿನ ಕಡ್ಡಿ ತೆಗೆದು, ಗರಿಯನ್ನು ಬೆರಳಿಗೆ ಸುತ್ತಿ, ಇನ್ನೊಂದನ್ನು ಸೇರಿಸಿ ಸುತ್ತಿ, ಅದೇ ಕಡ್ಡಿಯನ್ನು ಮುರಿದು ಚುಚ್ಚಿದಳು. ಕಣ್ಣೀರು ಇಳಿಯುತ್ತಲೇ ಇತ್ತು, ಕೈ ಎಲ್ಲಿಯೂ ತಪ್ಪಲಿಲ್ಲ. ಒಂದು ಉದ್ದದ್ದು, ಒಂದು ಗಿಡ್ಡದ್ದು. ಎರಡನ್ನೂ ಲೋಕಯ್ಯನ ಮುಂದೆ ಹಿಡಿದಳು.

“ಇದು ಯಾವ ದೇವರ ಮುಂದೆ ಪೂಜೆ ಆದದ್ದು?”

ಲೋಕಯ್ಯ ಅಣ್ಣನ ಕಡೆ ನೋಡಿದ, ಪೀಪಿಯ ಕಡೆ ನೋಡಿದ. ಆಮೇಲೆ ಕೈಚಾಚಿ ಉದ್ದದ್ದನ್ನು ತೆಗೆದುಕೊಂಡ. ಗಿಡ್ಡದ್ದು ತುಕ್ರಪ್ಪನ ಕೈ ಸೇರಿತು.

ಮೊದಲ ಸ್ವರ ಆಡಿನ ಮರಿ ಕೂಗಿದ ಹಾಗೆ ಬಂತು. ಒಂದು ಮಗು ಕಿಲಕಿಲ ನಕ್ಕಿತು. ತಾಯಿ ಅದರ ಬಾಯಿಗೆ ಸೆರಗು ಒತ್ತಿದಳು. ಬಾವಾನ ಬಾಟ್ಲಿ ಗುಂಯ್ ಎಂದು ಕೆಳಗಿನಿಂದ ಆಸರೆ ಕೊಟ್ಟಿತು. ತುಟಿ ಬಿಗಿಯುತ್ತ ಸಡಿಲಿಸುತ್ತ ಇಬ್ಬರೂ ಶ್ರುತಿಗೆ ಬಂದ ಮೇಲೆ ಹಲಸಿನ ಮರದ ಹಕ್ಕಿ ಅಂಗಳದಲ್ಲೇ ಕೂಗತೊಡಗಿತು. ಎಳೆದೆಳೆದು ಹಾಡಿ ಥಟ್ಟನೆ ನಿಂತಿತು.

ಅಂಗಳದಲ್ಲಿ ಯಾರೂ ಮಿಸುಕಲಿಲ್ಲ. ಮಾಷ್ಟ್ರು ಎರಡೂ ಕೈಗಳನ್ನು ಬೆನ್ನ ಹಿಂದೆ ಕೊಂಡುಹೋಗಿ ಬೆರಳುಗಳನ್ನು ಒಂದಕ್ಕೊಂದು ಹೆಣೆದು ಬಿಗಿಯಾಗಿ ಹಿಡಿದುಕೊಂಡಿದ್ದರು. ಲೋಕಯ್ಯ, ತುಕ್ರಪ್ಪ, ಬಾವಾ ಮೂವರೂ ಅಭ್ಯಾಸದಂತೆ ಗುರುವಪ್ಪನ ಮುಖವನ್ನೇ ನೋಡುತ್ತ ಸನ್ನೆಗಾಗಿ ಕಾಯುತ್ತಿದ್ದರು. ದೀಪದ ಬೆಳಕು ಆ ಮುಖದ ಮೇಲೆ ಅಲುಗಾಡುತ್ತಿತ್ತು. ತುಕ್ರಪ್ಪ ಪೀಪಿಯನ್ನು ತುಟಿಯಿಂದ ಇಳಿಸಿಬಿಟ್ಟ. ಇನ್ನು ಇವರಿಂದ ಆಗದು ಎಂದು ಜನರಿಗೂ ಅನಿಸಿತು.

ಪೂವಮ್ಮ ಗಂಡನ ಹಣೆಯ ಮೇಲೆ ಕೈ ಇಟ್ಟಳು. ಇನ್ನೂ ಸ್ವಲ್ಪ ಹೊತ್ತು ಕಾದಳು. ಆಮೇಲೆ ಮೂವರ ಕಡೆ ತಿರುಗಿ ತಲೆ ಆಡಿಸಿದಳು.

ಏರಿಯ ಕಡೆಯ ಹಕ್ಕಿ ಉತ್ತರ ಕೊಟ್ಟಿತು. ಇದರಲ್ಲಿ ಎಳೆತ ಇರಲಿಲ್ಲ. ಸಣ್ಣ ಸಣ್ಣ ಕೂಗುಗಳು, ಬಂದೆ ಬಂದೆ ಎನ್ನುವ ಹಾಗೆ, ಹತ್ತಿರ ಹತ್ತಿರ ಬಂದು ಕೊನೆಗೆ ಬಾಟ್ಲಿಯ ಗುಂಯ್‌ನೊಳಗೆ ಸೇರಿಕೊಂಡವು.

ಎಲ್ಲರೂ ಹಾಗೆಯೇ ನಿಂತಿದ್ದರು. ಮುಗಿಯಿತೋ, ಇನ್ನೂ ಉಂಟೋ ಯಾರಿಗೂ ಗೊತ್ತಿರಲಿಲ್ಲ. ತುಕ್ರಪ್ಪ ತನ್ನ ಪೀಪಿಯನ್ನು ಮಾವನ ಎದೆಯ ಮೇಲಿಟ್ಟು ಬಿಕ್ಕಿದ. ಲೋಕಯ್ಯನೂ ತನ್ನದನ್ನು ಇಟ್ಟ. ನಾಲ್ವರು ಬಂದು ಹೆಣವನ್ನು ಚಟ್ಟದ ಮೇಲೆ ಮಲಗಿಸಿ ಹೆಗಲು ಕೊಟ್ಟರು.

“ಮಾಷ್ಟ್ರೇ,” ಎಂದಳು ಪೂವಮ್ಮ, “ಈಗ ಮುಗಿಯಿತು. ಈಗ ತಟ್ಟಿ.”

ಪದ್ಮಯ್ಯ ಮಾಷ್ಟ್ರು ಬೆನ್ನ ಹಿಂದಿನ ಬೆರಳುಗಳನ್ನು ಬಿಡಿಸಿದರು. ಕೈಗಳನ್ನು ಮುಂದಕ್ಕೆ ತಂದರು. ಕಣ್ಣು ಒರೆಸಿಕೊಳ್ಳದೆ, ಆ ಸಾವಿನ ಮನೆಯ ಅಂಗಳದಲ್ಲಿ ಒಬ್ಬರೇ ನಿಂತು, ಚಟ್ಟ ಕೆರೆಯ ಏರಿಯ ತಿರುವಿನಲ್ಲಿ ಮರೆಯಾಗುವವರೆಗೂ ಚಪ್ಪಾಳೆ ತಟ್ಟಿದರು.