ಸೆಕ್ರೆಟರಿಯ ಸದ್ದಿಲ್ಲದ ಗಿಟಾರು

ಪುಣೆಯ ವಿಮಾನ ನಗರದ ಆ ಏಳು ಮಹಡಿಯ ಸೊಸೈಟಿಯಲ್ಲಿ ಸದ್ದು ಮಾಡಿ ಹರಿಶ್ಚಂದ್ರ ಶೆಟ್ಟರ ಕೈಯಿಂದ ತಪ್ಪಿಸಿಕೊಂಡದ್ದು ತಲೆಯ ಮೇಲೆ ಹಾರುವ ವಿಮಾನ ಒಂದೇ. ಅದರ ಹೆಸರನ್ನೂ ಅವರು ಬರೆದುಬಿಡುತ್ತಿದ್ದರೋ ಏನೋ, ಆದರೆ ಅದು ಸೊಸೈಟಿಯ ಸದಸ್ಯನಾಗಿರಲಿಲ್ಲ.

ಶೆಟ್ಟರು ಒಂಬತ್ತು ವರ್ಷಗಳಿಂದ ಸೊಸೈಟಿಯ ಸೆಕ್ರೆಟರಿ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಪುಣೆಯವರು ಮಲಗುವ ಹೊತ್ತು. ಆ ಹೊತ್ತಿನಲ್ಲಿ ಸದ್ದು ಮಾಡಿದವರ ಹೆಸರು ಲಿಫ್ಟಿನ ಪಕ್ಕದ ಫಲಕಕ್ಕೆ ಏರಬೇಕೆಂಬ ನಿಯಮ ಅವರದೇ. ಒಮ್ಮೆ ಹೆಸರು ಏರಿದರೆ ಆ ವರ್ಷ ಸೊಸೈಟಿಯಲ್ಲಿ ಯಾವ ಪದವಿಯೂ ಇಲ್ಲ. 'ಸಾಠೆ ಕಾಕೂ, ನಾಲ್ಕನೇ ಮಹಡಿ, ಕುಕ್ಕರ್, ಮೂರು ಸೀಟಿ' ಎಂಬುದು ಆ ಫಲಕದಲ್ಲಿ ಒಂದು ತಿಂಗಳು ಇತ್ತು. ಏಳನೇ ಮಹಡಿಯ ಒಬ್ಬರ ಹೆಸರು ಬರೀ ಸೀನಿಗೆ ಏರಿತ್ತು. ಎರಡು ಸಲ ಎಚ್ಚರಿಕೆ ಕೊಟ್ಟ ಮೇಲೂ ಅವರು ಸೀನಿದ್ದರು.

ಇಂಥ ಶೆಟ್ಟರಿಗೆ ಐವತ್ತನಾಲ್ಕನೇ ವಯಸ್ಸಿನಲ್ಲಿ ಎಲೆಕ್ಟ್ರಿಕ್ ಗಿಟಾರಿನ ಹುಚ್ಚು ಹತ್ತಿತು. ಹತ್ತಿತು ಎನ್ನುವುದೂ ತಪ್ಪು, ಮೊದಲೇ ಇದ್ದದ್ದು ಎದ್ದು ಕೂತಿತು. ಬ್ರಹ್ಮಾವರದಿಂದ ಹದಿನೇಳರ ಪ್ರಾಯದಲ್ಲಿ ಮಾವನ ಹೋಟೆಲಿಗೆ ಬಂದಾಗ ಎದುರಿನ ಸಭಾಂಗಣದಲ್ಲಿ ಒಬ್ಬಾತ ಕೆಂಪು ಗಿಟಾರು ನುಡಿಸುವುದನ್ನು ಕಿಟಕಿಯಿಂದ ನೋಡಿದ್ದರು. ಆಮೇಲಿನದೆಲ್ಲ ಇಡ್ಲಿ, ವಡೆ, ಮದುವೆ, ಸ್ವಂತ ಹೋಟೆಲು. ಈಗ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಅಳಿಯ ಕೂರುತ್ತಾನೆ. ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ಚಹಾ ಶುರುವಾಗುವ ತನಕ, ಎರಡೂವರೆಯಿಂದ ನಾಲ್ಕು, ಅವರಿಗೆ ಬಿಡುವು. ಆ ಬಿಡುವು ಅವರದೇ ನಿಯಮದ ಹೊಟ್ಟೆಯೊಳಗೆ ಬಿದ್ದಿತ್ತು.

ಹಾಗಾಗಿ ಅವರಿಗೆ ಬೇಕಾದದ್ದು ಗಿಟಾರಿಗಿಂತ ಹೆಚ್ಚಾಗಿ ಅದರ ಬಾಯಿ ಕಟ್ಟುವ ಸಾಮಾನು. ಅದನ್ನು ಹುಡುಕಿಕೊಂಡು ಕ್ಯಾಂಪ್ ಬಡಾವಣೆಯ ವಾದ್ಯದ ಅಂಗಡಿಗೆ ಹೋದರು. ಕೌಂಟರಿನಲ್ಲಿದ್ದ ಹರ್ಷಿತಾ ಎಂಬ ಬೆಂಗಳೂರಿನ ಹುಡುಗಿ ಅವರು ಗೊಣಗಿದ ಕನ್ನಡ ಕೇಳಿ ಮುಖ ಅರಳಿಸಿದಳು.

"ಎಷ್ಟು ಲೌಡ್ ಬೇಕು ಅಂಕಲ್?"

"ಸೊನ್ನೆ," ಎಂದರು ಶೆಟ್ಟರು. "ಪಕ್ಕದ ಕೋಣೆಯಲ್ಲಿ ನಾಯಿ ಮಲಗಿದ್ರೆ ಅದರ ಕಿವಿ ಸಹ ಅಲ್ಲಾಡ್ಬಾರ್ದು."

ಹರ್ಷಿತಾ ಮೊದಲು ಚಿಕ್ಕ ಪೆಟ್ಟಿಗೆಯಷ್ಟು ದೊಡ್ಡ ಆಂಪ್ಲಿಫೈಯರ್ ತೋರಿಸಿದಳು. ಹೆಡ್‌ಫೋನ್ ಸಿಕ್ಕಿಸಿದರೆ ಅದು ಸುಮ್ಮನಾಗುತ್ತದೆ. ಶೆಟ್ಟರು ಹೆಡ್‌ಫೋನಿನ ತಂತಿಯನ್ನು ಹಿಡಿದು ಒಮ್ಮೆ ಎಳೆದರು. ತಂತಿ ಕಿತ್ತು ಬಂತು, ಪೆಟ್ಟಿಗೆ ಅರಚಿಕೊಂಡಿತು. "ಇದನ್ನು ನಂಬುದು ಹೇಗೆ? ಬಾಯಿ ಇದ್ದದ್ದು ಯಾವತ್ತಾದ್ರೂ ಮಾತಾಡ್ತದೆ. ಬಾಯಿಯೇ ಇಲ್ಲದ್ದು ಕೊಡಿ," ಎಂದರು. ಆಗ ಬೆಂಕಿಪೆಟ್ಟಿಗೆಯಷ್ಟು ದೊಡ್ಡದೊಂದು ಸಾಧನ ಬಂತು. ಸ್ಪೀಕರೇ ಇಲ್ಲ, ಗಿಟಾರಿಗೇ ನೇರ ಚುಚ್ಚಿ ಹೆಡ್‌ಫೋನ್ ಸಿಕ್ಕಿಸಿಕೊಳ್ಳುವುದು. ಶೆಟ್ಟರಿಗೆ ಅದು ತುಂಬ ಮರ್ಯಾದಸ್ಥ ವಸ್ತುವಾಗಿ ಕಂಡಿತು.

ಆದರೆ ಹೆಡ್‌ಫೋನ್ ಆರಿಸಲು ಎರಡು ತಾಸು ಹಿಡಿಯಿತು. ತಂತಿಯಿಲ್ಲದ ಬ್ಲೂಟೂತಿನದು ಹಾಕಿಕೊಂಡರೆ ಮೀಟಿದ್ದು ಈಗ, ಕಿವಿಗೆ ಬಂದದ್ದು ಆಮೇಲೆ. "ನಮ್ಮಲ್ಲಿ ಇಂಥ ಒಬ್ಬ ಸಪ್ಲಾಯರ್ ಇದ್ದ. ಗಿರಾಕಿ ಎದ್ದು ಹೋದ ಮೇಲೆ ದೋಸೆ ತರ್ತಿದ್ದ," ಎಂದು ಅದನ್ನು ಪಕ್ಕಕ್ಕಿಟ್ಟರು. ಹಿಂಬದಿಯಲ್ಲಿ ತೂತುಗಳಿದ್ದ ಇನ್ನೊಂದರ ನಾದಕ್ಕೆ ಅವರ ಕಣ್ಣು ತಾನಾಗಿ ಮುಚ್ಚಿತು. ಆದರೆ ಹರ್ಷಿತಾಳಿಗೆ ಅದನ್ನು ತೊಡಿಸಿ, ತಾವು ಬಾಗಿಲ ಬಳಿ ಕಿವಿಗೆ ಕೈ ಹಿಡಿದು ನಿಂತಾಗ ಸೊಳ್ಳೆಯಷ್ಟು ಸದ್ದು ಹೊರಗೆ ಬಂತು. ಅದೂ ಬೇಡವಾಯಿತು. ಕೊನೆಗೆ ಸಿಕ್ಕಿದ್ದು ಇಡೀ ಕಿವಿಯನ್ನು ನುಂಗುವ, ದಪ್ಪ ಮೆತ್ತೆಯ, ಎಲ್ಲ ಕಡೆ ಮುಚ್ಚಿದ ಹೆಡ್‌ಫೋನ್. ಅವರು ಅದನ್ನು ಹಾಕಿಕೊಂಡಾಗ ಹರ್ಷಿತಾ ಏನೋ ಹೇಳಿದಳು. ತುಟಿ ಅಲ್ಲಾಡಿದ್ದು ಕಂಡಿತು, ಅಷ್ಟೇ.

"ಎಂತ ಹೇಳಿದ್ದು? ಒಂದಕ್ಷರ ಕೇಳುದಿಲ್ಲ! ಇದೇ ಇರ್ಲಿ!" ಎಂದು ಇಡೀ ಅಂಗಡಿ ತಿರುಗಿ ನೋಡುವಂತೆ ಕೂಗಿದರು.

ಅವಳು ಹೇಳಿದ್ದು ಇಷ್ಟೇ: "ನುಡಿಸುವಾಗ ಹಾಡೋ ಅಭ್ಯಾಸ ಇದ್ರೆ ಜೋಪಾನ ಅಂಕಲ್. ನಿಮ್ಮ ವಾಯ್ಸ್ ನಿಮಗೇ ಕೇಳ್ಸಲ್ಲ."

ಅಲ್ಲೇ ಕೊಂಡ ಗಿಟಾರು ಹೋಟೆಲಿನ ಮೇಜುಬಟ್ಟೆಯಲ್ಲಿ ಸುತ್ತಿಕೊಂಡು ಮನೆಗೆ ಬಂತು. ಐದನೇ ಮಹಡಿಯ ಅವರ ಮನೆಯಲ್ಲಿ ಬಟ್ಟೆ ಒಣಗಿಸುವ ಪುಟ್ಟ ಕೋಣೆಯೊಂದಿದೆ. ಅದರ ಗವಾಕ್ಷಿ ಕಟ್ಟಡದ ಡಕ್ಟಿಗೆ, ಅಂದರೆ ಕೆಳಗಿನಿಂದ ಮೇಲಿನವರೆಗೆ ಹೋಗುವ ಗಾಳಿಕಿಂಡಿಗೆ, ತೆರೆದುಕೊಳ್ಳುತ್ತದೆ. ಎಲ್ಲ ಮಹಡಿಯ ಬಚ್ಚಲ ಕಿಟಕಿಗಳೂ ಇರುವುದು ಅದೇ ಡಕ್ಟಿಗೆ. ಶೆಟ್ಟರು ಅಲ್ಲೇ ಸ್ಟೂಲು ಹಾಕಿ ಕೂತರು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದಲ್ಲ, ಹಾಗೆ ಇವರು ಕಿವಿ ಮುಚ್ಚಿಕೊಂಡು ಹಾಡಿದರು.

ಹಾಡುತ್ತಿದ್ದೇನೆಂದು ಅವರಿಗೆ ಗೊತ್ತಿದ್ದರೆ ತಾನೇ! ಬೆರಳು ತಂತಿಯನ್ನು ಬಗ್ಗಿಸಿ ಸ್ವರ ಎಳೆದಂತೆಲ್ಲ ಗಂಟಲು ತಾನಾಗಿ ಹಿಂದೆ ಹೋಗುತ್ತಿತ್ತು. ಗಂಟಲು ಬ್ರಹ್ಮಾವರದ್ದು. ಗದ್ದೆಯಲ್ಲಿ ಕೂತು ಕೇಳಿದ ಯಕ್ಷಗಾನದ ಭಾಗವತರ ದನಿ, ಅದರಲ್ಲೂ ಕರುಣರಸದ ಪದ್ಯದ ಉದ್ದನೆಯ ಆಲಾಪ, ಅದರೊಳಗೆ ನಲವತ್ತು ವರ್ಷ ಮಡಿಸಿಟ್ಟ ಬಟ್ಟೆಯಂತೆ ಇತ್ತು. ಅದು 'ಆಆ...' ಎಂದು ಬಿಚ್ಚಿಕೊಂಡು ಡಕ್ಟಿನಲ್ಲಿ ಏಳೂ ಮಹಡಿಗೆ ಹತ್ತಿ ಇಳಿಯಿತು.

ಹಾಡು ಹೊರಗೆ ಕೇಳುತ್ತದೆಂದು ಹೆಂಡತಿ ಲೀಲಾಕ್ಷಿ ಬಾಗಿಲಲ್ಲಿ ನಿಂತು ಮೂರು ದಿನ ಹೇಳಿದರು. ಮೂರು ದಿನವೂ ಶೆಟ್ಟರು ಹೆಡ್‌ಫೋನಿನೊಳಗಿಂದ, "ಚಹಾ ಆಮೇಲೆ" ಎಂದು ಕೈಸನ್ನೆ ಮಾಡಿದರು. ಹೆಡ್‌ಫೋನ್ ತೆಗೆದ ಮೇಲೆ ಅವರು ಕೇಳುತ್ತಿದ್ದ ಪ್ರಶ್ನೆ ಒಂದೇ.

"ಹೊರಗೆ ಗಿಟಾರ್ ಕೇಳ್ತದಾ?"

"ಇಲ್ಲ, ಗಿಟಾರ್ ಕೇಳುದಿಲ್ಲ," ಎನ್ನುತ್ತಿದ್ದರು ಲೀಲಾಕ್ಷಿ. ಅದು ಸತ್ಯವಾಗಿತ್ತು.

ಮೂರನೇ ವಾರದಿಂದ ಸೊಸೈಟಿಯಲ್ಲಿ ಒಂದು ಪವಾಡ ಶುರುವಾಯಿತು. ಲಿಫ್ಟಿನಲ್ಲಿ ಜನ ಶೆಟ್ಟರಿಗೆ ಜಾಗ ಬಿಟ್ಟು ನಿಂತರು. ಮೂರು ಸೀಟಿಯ ಸಾಠೆ ಕಾಕೂ ಡಬ್ಬಿಯಲ್ಲಿ ರವೆಯ ಸಿಹಿ ಶಿರಾ ಕಳಿಸಿದರು. ಚೇರ್ಮನ್ ಢಮಢೇರೆ ಒಂದು ದಿನ ಅವರ ಭುಜ ಒತ್ತಿ, ನಿಟ್ಟುಸಿರು ಬಿಟ್ಟು ಹೋದರು. ಒಂಬತ್ತು ವರ್ಷದ ಶಿಸ್ತು ಕೊನೆಗೂ ಫಲ ಕೊಟ್ಟಿತೆಂದು ಶೆಟ್ಟರು ಉಬ್ಬಿದರು. ಬರುವ ವಾರ್ಷಿಕ ಸಭೆಯಲ್ಲಿ ಹತ್ತನೇ ಸಲ ಸೆಕ್ರೆಟರಿಯಾಗುವುದು ಖಚಿತವೆಂದುಕೊಂಡರು. ಹೆಂಡತಿಯನ್ನು ಮಾತ್ರ ಯಾರೂ ಅರಿಶಿನ ಕುಂಕುಮಕ್ಕೆ ಕರೆಯುತ್ತಿರಲಿಲ್ಲ. ಲೀಲಾಕ್ಷಿ ಅದನ್ನು ಹೇಳಿದಾಗ, "ನೀನು ಸ್ವಲ್ಪ ನಗಾಡ್ತಾ ಇರ್ಬೇಕು ಮಾರಾಯ್ತಿ," ಎಂದು ಉಪದೇಶ ಕೊಟ್ಟರು.

ವಾರ್ಷಿಕ ಸಭೆ ಭಾನುವಾರ ಬೆಳಿಗ್ಗೆ ಕೆಳಗಿನ ಪಾರ್ಕಿಂಗಿನಲ್ಲಿ ಸೇರಿತು. ನಲವತ್ತಮೂರು ಪ್ಲಾಸ್ಟಿಕ್ ಕುರ್ಚಿಗಳೂ ತುಂಬಿದ್ದವು. ಮುಂದಿನ ಮೇಜಿನಲ್ಲಿ ಶೆಟ್ಟರು ನಡಾವಳಿಯ ಪುಸ್ತಕ ತೆರೆದು ಕೂತಿದ್ದರು. ಸೆಕ್ರೆಟರಿಯ ಹೆಸರು ಸೂಚಿಸಲು ಎದ್ದ ಢಮಢೇರೆ ಮರಾಠಿಯಲ್ಲಿ, ಗದ್ಗದ ದನಿಯಲ್ಲಿ ಶುರುಮಾಡಿದರು.

"ಶೆಟ್ಟಿ ಸಾಹೇಬರೇ, ಮುಚ್ಚಿಡಬೇಡಿ. ದಿನಾ ಮಧ್ಯಾಹ್ನ ನೀವು ಅಳುವುದು ನಮಗೆಲ್ಲ ಕೇಳಿಸುತ್ತದೆ. ಗಂಡಸು ಅಷ್ಟು ಅಳಬೇಕಾದರೆ ಎಷ್ಟು ನೋವಿರಬೇಕು! ನನಗಂತೂ ಕೇಳಿ ಕೇಳಿ ಬಿಪಿ ಏರಿದೆ. ಇಂಥ ದುಃಖದಲ್ಲೂ ನೀವು ಸೊಸೈಟಿಗಾಗಿ ದುಡಿಯುತ್ತೀರಿ. ಈ ಸಲವೂ ನೀವೇ ಇರಿ."

ಶೆಟ್ಟರ ಪೆನ್ನು ನಿಂತಿತು. ಒಂದು ಕ್ಷಣದಲ್ಲಿ ಡಕ್ಟು, ಗವಾಕ್ಷಿ, ಶಿರಾ ಎಲ್ಲ ಅರ್ಥವಾಯಿತು. ಇನ್ನೊಂದು ಕ್ಷಣದಲ್ಲಿ ಬುದ್ಧಿ ಲೆಕ್ಕ ಹಾಕಿತು. ಅಳಬಾರದೆಂದು ನಿಯಮದಲ್ಲಿ ಇಲ್ಲ. ಹಾಡಿದೆನೆಂದರೆ ಹೆಸರು ಫಲಕಕ್ಕೆ, ಪದವಿ ಗೋತಾ. ತಲೆ ತಗ್ಗಿಸಿ ಸುಮ್ಮನೆ ಕೂತರೆ ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಅವರು ತಲೆ ತಗ್ಗಿಸತೊಡಗಿದರು.

ಅಷ್ಟರಲ್ಲಿ ಸಾಠೆ ಕಾಕೂ ಹಿಂದಿನ ಸಾಲಿನ ಲೀಲಾಕ್ಷಿಯ ಕಡೆ ತಿರುಗಿ, "ವಹಿನೀ, ಕೈಹಿಡಿದವನನ್ನು ಇಷ್ಟು ಗೋಳುಹೊಯ್ದುಕೊಳ್ಳಬಾರದು," ಎಂದರು. ಎಲ್ಲ ಕುರ್ಚಿಗಳೂ ಹಿಂದಕ್ಕೆ ತಿರುಗಿದವು. ಲೀಲಾಕ್ಷಿ ಗಂಡನನ್ನು ನೋಡುತ್ತ ಕೂತರು.

ಶೆಟ್ಟರು ಎದ್ದು ನಿಂತರು. ಹೆಂಡತಿಯ ಮುಖ ಅವರನ್ನು ಎಬ್ಬಿಸಿತೋ, ತನ್ನ ಸಂಗೀತಕ್ಕೆ ಢಮಢೇರೆಯ ಬಿಪಿ ಏರಿದ ಅವಮಾನ ಎಬ್ಬಿಸಿತೋ, ಅವರಿಗೇ ಗೊತ್ತಿಲ್ಲ.

"ಅದು ಅಳು ಅಲ್ಲ! ಹಾಡು! ನಾನು ಗಿಟಾರು ಕಲಿಯುತ್ತಿದ್ದೇನೆ. ನಿಷೇಧದ ಹೊತ್ತಿನಲ್ಲಿ, ಗೊತ್ತಿದ್ದೂ!"

ಸಭೆ ಕನಿಕರದಿಂದ ನೋಡಿತು. "ಆ ಮನೆಯಿಂದ ಗಿಟಾರಿನ ಸದ್ದು ಒಂದು ದಿನವೂ ಕೇಳಿಲ್ಲವಲ್ಲ," ಎಂದು ಯಾರೋ ಮೆಲ್ಲಗೆ ಹೇಳಿದರು. ಎರಡು ತಾಸು ಕೂತು ಆರಿಸಿದ ಸಾಮಾನು ಅಷ್ಟು ಚೆನ್ನಾಗಿ ಕೆಲಸ ಮಾಡಿತ್ತು.

"ಬೇಕಾದರೆ ಕೇಳಿ!" ಎಂದು ಶೆಟ್ಟರು ಕಣ್ಣು ಮುಚ್ಚಿ ಆಲಾಪ ಎತ್ತಿದರು. ಅರ್ಧಕ್ಕೆ ಬರುವಷ್ಟರಲ್ಲಿ ಇಬ್ಬರು ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಢಮಢೇರೆ ಓಡಿಬಂದು ನೀರಿನ ಬಾಟಲಿ ಕೊಟ್ಟರು. "ಸಾಕು ಸಾಹೇಬರೇ, ಸಮಾಧಾನ ಮಾಡಿಕೊಳ್ಳಿ. ಹೆಂಡತಿಯ ಮರ್ಯಾದೆ ಉಳಿಸಲು ನೋಡುತ್ತಿದ್ದೀರಿ. ನೀವು ದೊಡ್ಡವರು."

ಶೆಟ್ಟರಿಗೆ ಮೈಯೆಲ್ಲ ಉರಿಯಿತು. ನಡಾವಳಿಯ ಪುಸ್ತಕ ಎತ್ತಿ ಮೇಜಿಗೆ ಬಡಿದರು. "ನಾನು ಠರಾವು ಮಂಡಿಸುತ್ತೇನೆ. ಮಧ್ಯಾಹ್ನದ ಹೊತ್ತು ಹಾಡಿದ್ದಕ್ಕೆ ಹರಿಶ್ಚಂದ್ರ ಶೆಟ್ಟಿಯ ಹೆಸರನ್ನು ಫಲಕಕ್ಕೆ ಏರಿಸಬೇಕು. ಒಪ್ಪುವವರು ಕೈ ಎತ್ತಿ!"

ಸೀನಿಗೆ ಹೆಸರು ಏರಿದ್ದವನೂ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂತ. ಒಂಬತ್ತು ವರ್ಷ ಶೆಟ್ಟರ ಪೆನ್ನಿಗೆ ಸಿಕ್ಕವರೆಲ್ಲ ಅಲ್ಲಿದ್ದರು. ಸೇಡು ತೀರಿಸಿಕೊಳ್ಳಲು ಇಂಥ ದಿನ ಮತ್ತೆ ಬರಲಾರದು. ಆದರೆ ಕೇಳದ ಹಾಡನ್ನು ಕೇಳಿದೆವೆನ್ನಲು ಯಾರಿಗೂ ಮನಸ್ಸು ಬರಲಿಲ್ಲ.

ಹಿಂದಿನ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು. ಬಳೆಗಳು ಮೊಣಕೈಯತ್ತ ಜಾರಿದವು.

"ಅದು ಹಾಡೇ," ಎಂದರು ಲೀಲಾಕ್ಷಿ ಮರಾಠಿಯಲ್ಲಿ. ಆಮೇಲೆ ಗಂಡನಿಗೆ ಮಾತ್ರ ಎಂಬಂತೆ ಕನ್ನಡಕ್ಕೆ ತಿರುಗಿದರು. "ಮೂವತ್ತು ವರ್ಷದಲ್ಲಿ ನೀವು ಒಂದು ದಿನ ಹಾಡಿದ್ದು ನಾನು ಕೇಳಿರ್ಲಿಲ್ಲ. ಮೂರು ದಿನ ಹೇಳಿದೆ, ಮತ್ತೆ ಸುಮ್ನಾದೆ. ಹೇಳಿದ್ರೆ ನಿಲ್ಲಿಸ್ತೀರಿ ಅಂತ."

ಢಮಢೇರೆ ಎಣಿಸಿದರು. ಪರವಾಗಿ ಒಂದು. ಠರಾವು ಬಿದ್ದುಹೋಯಿತು, ಹರಿಶ್ಚಂದ್ರ ಶೆಟ್ಟರು ಹತ್ತನೇ ಸಲ ಸೆಕ್ರೆಟರಿಯಾದರು. ಅದನ್ನು ಪುಸ್ತಕದಲ್ಲಿ ಬರೆಯಬೇಕಾದವರೂ ಅವರೇ. 'ಒಂದು' ಎಂದು ಬರೆಯುವಾಗ ಅಕ್ಷರ ಕಲಸಿತು. ಎಷ್ಟು ತಡೆದರೂ ತಡೆಯಲಾಗದೆ ಅವರು ಎಲ್ಲರೆದುರು ಬಿಕ್ಕಿ ಬಿಕ್ಕಿ ಅತ್ತುಬಿಟ್ಟರು.

ಸಾಠೆ ಕಾಕೂ ಪಕ್ಕದವರ ಮೊಣಕೈ ತಿವಿದು, "ನಾನು ಹೇಳಲಿಲ್ಲವಾ? ಇದೇ ಆ ದನಿ," ಎಂದರು.